ಪಾತ್ರೆಗಳ ನಡುವಿನ ಬಟ್ಟೆ

ಈವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಮುಚ್ಚಳ ನನ್ನ ಕೈಜಾರಿ ಬಿತ್ತು. ಬಿದ್ದದ್ದು ಸುಮ್ಮನೆ ಮಲಗಿತೇ? ಇಲ್ಲ. ಅಂಚಿನ ಮೇಲೆ ನಿಂತುಕೊಂಡು ಮೊದಲು ನಿಧಾನವಾಗಿ, ಆಮೇಲೆ ಅವಸರ ಅವಸರವಾಗಿ ಸುತ್ತಿ, ಕೊನೆಗೆ ಝಣಝಣಝಣ ಎಂದು ನೆಲಕ್ಕೆ ಅಂಟಿಕೊಂಡಿತು. ಒಳಕೋಣೆಯಿಂದ ಮಗಳು, "ಏನಮ್ಮ ಅದು ಬೆಳಬೆಳಗ್ಗೆ ಸದ್ದು?" ಎಂದಳು. ಬಗ್ಗಿ ಎತ್ತಿಕೊಳ್ಳಬೇಕಾದವಳು ನಾನು, ಅದು ಮುಗಿಯುವ ತನಕ ಕೇಳುತ್ತ ನಿಂತಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಎತ್ತಿ ಇನ್ನೊಂದು ಸಲ ಬೀಳಿಸಿಬಿಡೋಣ ಎಂದೂ ಅನ್ನಿಸಿತು. ಈ ವಯಸ್ಸಿನಲ್ಲಿ ಮಗಳ ಕೈಲಿ ಬೈಸಿಕೊಳ್ಳುವುದು ಯಾಕೆ ಎಂದು ಸುಮ್ಮನಾದೆ.

ಸಂಗೀತ ಬಲ್ಲವಳೆಂದು ಮಾತ್ರ ತಿಳಿಯಬೇಡಿ. ಪಾಠ ಹೇಳಿಸಿಕೊಂಡವಳಲ್ಲ, ಹಾರ್ಮೋನಿಯಂ ಮುಟ್ಟಿದವಳಲ್ಲ. ನನಗಿರುವುದು ಒಂದು ಚಾಳಿ ಅಷ್ಟೆ: ಯಾವ ವಸ್ತು ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು. ಮದುವೆಮನೆಗೆ ಹೋದರೆ ಊಟಕ್ಕೆ ಕೂರುವ ಮೊದಲು ಅಡುಗೆಯವರ ಕೊಳಗ ತಟ್ಟಿರುತ್ತೇನೆ. ಒಮ್ಮೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಂಚದ ಕಂಬಿ ತಟ್ಟುತ್ತಿದ್ದೆ. ನರ್ಸಮ್ಮ ಏನು ಬೇಕೆಂದು ಓಡಿಬಂದಳು. ಏನೂ ಬೇಡ ತಾಯಿ, ತಲೆ ಕಡೆ ಕಂಬಿಗಿಂತ ಕಾಲು ಕಡೆಯದು ಚೆನ್ನಾಗಿದೆ ಎಂದೆ. ಅವಳು ನನ್ನ ಜ್ವರ ನೋಡಿ ಹೋದಳು.

ಈ ಚಾಳಿ ಹತ್ತಿದ್ದು ಬೂದಿಕೋಟೆಯ ನಮ್ಮ ತೌರುಮನೆಯಲ್ಲಿ. ಹಾಲು ಕರೆಯುವ ಕೆಲಸ ನನ್ನದು. ಖಾಲಿ ಚೊಂಬಿಗೆ ಮೊದಲ ಹಾಲು ಬಿದ್ದಾಗ ಸದ್ದು ಸಣ್ಣಗೆ, ಚುರುಕಾಗಿ ಇರುತ್ತದೆ. ಚೊಂಬು ತುಂಬುತ್ತ ಬಂದಂತೆ ಅದೇ ಸದ್ದು ದಪ್ಪಗಾಗಿ, ನೊರೆಯಲ್ಲಿ ಮುಳುಗಿ, ಬರೀ ಉಸಿರಾಗುತ್ತದೆ. ನಮ್ಮಮ್ಮ ಒಲೆ ಮುಂದೆ ಕೂತೇ ಆ ಸದ್ದು ಕೇಳಿ, ಇನ್ನು ಸಾಕು, ಕರುವಿಗೆ ಬಿಡು ಎನ್ನುತ್ತಿದ್ದಳು. ಅಮ್ಮನಿಗೆ ಬೀಸುವ ಪದಗಳು ಲೆಕ್ಕವಿಲ್ಲದಷ್ಟು ಬರುತ್ತಿದ್ದವು. ಆದರೆ ಒಂದು ತಮಾಷೆ ನೋಡಿ: ರಾಗಿಕಲ್ಲಿನ ಮುಂದೆ ಕೂರಿಸದೆ ಹಾಡೆಂದರೆ ಒಂದು ಸಾಲೂ ನೆನಪಿಗೆ ಬರುತ್ತಿರಲಿಲ್ಲ. ಯಾರದೋ ಮದುವೆಯಲ್ಲಿ ಬಲವಂತ ಮಾಡಿದಾಗ, ಚಾಪೆಯ ಮೇಲೆ ಕೂತು ಬರಿಗಾಳಿಯಲ್ಲಿ ಕಲ್ಲು ತಿರುಗಿಸುವ ಹಾಗೆ ಕೈ ತಿರುಗಿಸಿಕೊಂಡೇ ಹಾಡಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪದ ಇರುವುದು ಅಮ್ಮನ ಬಾಯಲ್ಲಲ್ಲ, ಕಲ್ಲಿನಲ್ಲಿ ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ.

ಐವತ್ತರ ದಶಕದ ಕೊನೆಯಲ್ಲಿ ನನ್ನನ್ನು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಗಣಿಗೆ ಕೊಟ್ಟರು ಎಂದರೆ ಗಣಿಯಲ್ಲಿ ಕೆಲಸ ಮಾಡುವವರಿಗೆ ಎಂದರ್ಥ. ನಮ್ಮೂರಲ್ಲಿ ಮಾತಾಡುತ್ತಿದ್ದುದೇ ಹಾಗೆ. ಬೂದಿಕೋಟೆಯಿಂದ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು. ರೈಲು ಹತ್ತುವ ತನಕ ಲಕ್ಷಣವಾಗಿ ಅಳುತ್ತಿದ್ದೆ. ಅದು ಹೊರಟು, ಗಾಲಿಗಳು ಹಳಿಯ ಸಂದು ದಾಟುವ ತಾಳ ಹಿಡಿದದ್ದೇ ತಡ, ಅಮ್ಮನ ಬೀಸುವ ಪದ ಇದಕ್ಕೆ ಕೂರುತ್ತದೋ ಇಲ್ಲವೋ ಎಂದು ಒಳಗೊಳಗೇ ಹೊಂದಿಸುತ್ತ ಅಳುವುದನ್ನು ಮರೆತುಬಿಟ್ಟೆ. ಎದುರಿಗೆ ಕೂತಿದ್ದ ಅತ್ತೆ, ಸೊಸೆ ಬೇಗ ಸಮಾಧಾನ ಮಾಡಿಕೊಂಡಳಲ್ಲ ಎಂದು ಮೆಚ್ಚಿ ಎಲೆ ಅಡಿಕೆ ಕೊಟ್ಟರು.

ಗಣಿಯವರ ಮನೆಗಳಿಗೆ ಲೈನು ಎನ್ನುತ್ತಿದ್ದರು. ಒಂದಕ್ಕೊಂದು ಅಂಟಿಕೊಂಡು ಉದ್ದಕ್ಕೆ ಸಾಲುಮನೆಗಳು. ಈ ಮನೆಯವರು ಸೀನಿದರೆ ಆ ಮನೆಯವರು ಚಿರಂಜೀವಿ ಎನ್ನಬಹುದು. ಕಿವಿಗೆ ಮಾತ್ರ ಹಬ್ಬವೋ ಹಬ್ಬ. ಪಾಳಿ ಬದಲಾಗುವ ಹೊತ್ತಿಗೆ ಗಣಿಯ ಸಂಗು ಊದುತ್ತಿತ್ತು. ಸೈರನ್ನಿಗೆ ಅಲ್ಲಿಯ ತಮಿಳರು ಇಟ್ಟ ಹೆಸರು ಅದು, ಎಲ್ಲರ ಬಾಯಲ್ಲೂ ಅದೇ. ಅದುರು ಅರೆಯುವ ಗಿರಣಿ ಹಗಲೂ ರಾತ್ರಿ ಗುಡುಗುಡು ಎನ್ನುತ್ತಿತ್ತು. ನಲ್ಲಿ ಹತ್ತಿರ ಹೋದರೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳ. ಒಂದು ಜಗಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದನ್ನು ಬಾಯಿಬಿಟ್ಟುಕೊಂಡು ಕೇಳಿದ್ದೇನೆ.

ಇಷ್ಟೆಲ್ಲ ಸದ್ದಿನ ನಡುವೆ ನಮ್ಮ ಮನೆಯೊಳಗೆ ಮಾತ್ರ ಸದ್ದಿಲ್ಲ. ಅತ್ತೆ ಹಳೇ ಸೀರೆ ಹರಿದು, ತುಂಡುಗಳನ್ನು ಬಿಗಿಯಾಗಿ ಮಡಿಸಿ, ಪಾತ್ರೆ ಪಾತ್ರೆಗಳ ನಡುವೆ ಇಟ್ಟಿದ್ದರು. ಚೊಂಬಿಗೂ ಚೊಂಬಿಗೂ ನಡುವೆ ಬಟ್ಟೆ, ಹಂಡೆಯ ಕೆಳಗೆ ಬಟ್ಟೆಯ ಸಿಂಬಿ, ಸೌಟಿಗೆ ಬಟ್ಟೆ ಸುತ್ತು. ದೇವರ ಗಂಟೆಯ ನಾಲಿಗೆಗೂ ಚಿಂದಿ ಕಟ್ಟಿತ್ತು ಎಂದರೆ ನೀವು ನಂಬಬೇಕು. ನಮ್ಮೆಜಮಾನರನ್ನು ಕೇಳಿದೆ. ಅವರಿಗೆ ನೆಲದೊಳಗೆ, ಆಳುಗಳನ್ನು ಏರಿಸಿ ಇಳಿಸುವ ಕೇಜು ನಿಲ್ಲುವ ಕಡೆ, ಗಂಟೆ ಹೊಡೆಯುವ ಕೆಲಸ. ಹೀಗೆ ಹೊಡೆದರೆ ಕಲ್ಲು ಬರುತ್ತಿದೆ, ಹಾಗೆ ಹೊಡೆದರೆ ಆಳು ಬರುತ್ತಿದ್ದಾರೆ ಎಂದು ಮೇಲಿನವರಿಗೆ ತಿಳಿಯಬೇಕು. "ಕಟ್ಟಿರೋದೇ ಒಳ್ಳೇದು ಬಿಡು. ಮನೇಲೂ ಗಂಟೆ ಕೇಳಿಸಿದ್ರೆ ನನ್ ಕೈ ತಾನಾಗೇ ಎದ್ ಓಯ್ತದೆ" ಎಂದರು. ಮಿಕ್ಕ ಬಟ್ಟೆಗಳ ಮಾತೆತ್ತಿದರೆ, ಅದು ಅಮ್ಮನ ಅಭ್ಯಾಸ ಎಂದು ಮಗ್ಗುಲಾದರು. ಅತ್ತೆಯನ್ನೇ ಕೇಳುವ ಧೈರ್ಯ ಹೊಸ ಸೊಸೆಗೆಲ್ಲಿ ಬರಬೇಕು? ಹಿತ್ತಾಳೆ ಗೀರಾಗುತ್ತದೆಂಬ ಜಿಪುಣತನ ಇರಬೇಕು ಎಂದುಕೊಂಡೆ.

ಹಾಗಿರುವಾಗ ಅತ್ತೆ ಬಂಗಾರಪೇಟೆಯ ನೆಂಟರ ಮನೆಗೆ ನಾಮಕರಣಕ್ಕೆ ಹೋದರು. ಬರುವಷ್ಟರಲ್ಲಿ ಸೊಸೆ ಎಂಥವಳೆಂದು ತೋರಿಸಬೇಕೆಂಬ ಉಮೇದು ನನಗೆ. ಬಟ್ಟೆಗಳನ್ನೆಲ್ಲ ಕಿತ್ತು ಒಗೆದೆ. ಮನೆಯ ಪಾತ್ರೆ, ನನ್ನ ತೌರಿನ ಚೊಂಬುಗಳು, ಕಂಚಿನ ತಣಿಗೆಗಳು ಎಲ್ಲವನ್ನೂ ಹುಣಸೇಹಣ್ಣು ಹಾಕಿ ಬೆಳಗಿ, ನಮ್ಮೂರಲ್ಲಿ ಜೋಡಿಸುವ ಹಾಗೆ ದೊಡ್ಡದರಿಂದ ಚಿಕ್ಕದಕ್ಕೆ, ಕಂಠಕ್ಕೆ ಕಂಠ ತಾಗಿಸಿ ಗೋಡೆಯ ಹಲಗೆಯ ಮೇಲೆ ಇಟ್ಟೆ. ಸಂಜೆ ಅತ್ತೆ ಬಂದರು. ಹೊಸ್ತಿಲಲ್ಲಿ ನಿಂತು ಹಲಗೆ ನೋಡಿದರು. ಹೊಗಳುತ್ತಾರೆಂದು ಸೆರಗು ಸರಿಮಾಡಿಕೊಂಡು ನಿಂತೆ.

ಅತ್ತೆ ಇನ್ನೂ ಬಾಯಿ ತೆರೆದಿರಲಿಲ್ಲ, ಕಾಲಡಿಯ ನೆಲ ಅಲುಗಿತು. ನೆಲದ ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುವುದಕ್ಕೆ ಗಣಿಯವರು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ನನಗೆ ಅದು ಮೊದಲನೆಯದು. ಹೆದರಿಕೆಗಿಂತ ಮೊದಲು ನನ್ನ ಕಿವಿಗೆ ಬಿದ್ದದ್ದು ಹಲಗೆಯ ಸದ್ದು. ಹಂಡೆ ತಳದಿಂದ ಗುಂಯ್ ಎಂದಿತು, ಅದರ ಮೇಲೆ ಚೊಂಬುಗಳು ಒಂದರ ಹಿಂದೊಂದು, ಕಟ್ಟಕಡೆಗೆ ಕಂಚಿನ ತಣಿಗೆಗಳು ನಡುಗುತ್ತ ನಡುಗುತ್ತ ಬಹಳ ಹೊತ್ತು ಉಳಿದವು. ನನ್ನ ಹಾಳು ಬಾಯಿ ಸುಮ್ಮನಿರಬಾರದೇ? "ಎಷ್ಟ್ ಚೆಂದಾಗೈತೆ ಅತ್ತೆ" ಎಂದುಬಿಟ್ಟೆ.

ಅತ್ತೆ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೂತರು. ಹೊರಗೆ ನೋಡಿದರೆ ಲೈನಿನ ಹೆಂಗಸರೆಲ್ಲ ಬಾಗಿಲಲ್ಲಿದ್ದಾರೆ. ಎಲ್ಲರ ಮುಖವೂ ಕೇಜಿನ ಹಗ್ಗ ಸುತ್ತುವ, ಗಣಿಯ ಎತ್ತರದ ಚಕ್ರದ ಕಡೆಗೆ. ಒಬ್ಬರೂ ಮಾತಿಲ್ಲ. ಪಾಳಿಯಲ್ಲಿ ಯಾರ ಗಂಡ, ಯಾರ ಮಗ ಇದ್ದಾನೋ ತಿಳಿಯುವ ತನಕ ಮಾತಾಡದೆ ನಿಲ್ಲುವುದು ಅಲ್ಲಿಯ ರೂಢಿ. ಸ್ವಲ್ಪ ಹೊತ್ತಿಗೆ ಸೈಕಲ್ ಮೇಲೆ ಒಬ್ಬ ಬಂದು, ಸಿಡಿದ ಕಡೆ ಯಾರೂ ಇರಲಿಲ್ಲವಂತೆ ಎಂದು ಕೂಗಿಕೊಂಡು ಹೋದ. ಆಮೇಲೆ ಒಬ್ಬೊಬ್ಬರಾಗಿ ಒಳಗೆ ಹೋಗಿ ಒಲೆ ಹಚ್ಚಿದರು.

ಮಾರನೆಯ ದಿನ ನಲ್ಲಿಯ ಹತ್ತಿರ ಪಕ್ಕದ ಮನೆಯ ಮುನಿಯಮ್ಮಾಳ್ ನನ್ನನ್ನು ಬದಿಗೆ ಕರೆದಳು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿದಳು: ನನ್ನ ಮಾವ, ಎಂದರೆ ನಮ್ಮತ್ತೆಯ ಗಂಡ, ತೀರಿಕೊಂಡದ್ದು ಏರ್‌ಬ್ಲಾಸ್ಟಿನಲ್ಲಿ. ಆ ಸಂಜೆಯೂ ಈ ಮನೆಯ ಹಲಗೆಯ ಮೇಲಿನ ಪಾತ್ರೆಗಳು ಹೀಗೇ ಮೊಳಗಿದ್ದವು. ಮಾವನ ಕಾರ್ಯ ಮುಗಿದ ದಿನವೇ ಅತ್ತೆ ಸೀರೆ ಹರಿದು ಮಡಿಸತೊಡಗಿದರಂತೆ. ನನಗೆ ನೆಲ ಬಾಯಿ ತೆರೆದರೆ ಸಾಕೆನಿಸಿತು.

ಮನೆಗೆ ಬಂದು ಒಗೆದ ಬಟ್ಟೆಗಳನ್ನು ಮತ್ತೆ ಒಂದೊಂದಾಗಿ ಪಾತ್ರೆಗಳ ನಡುವೆ ಇಡತೊಡಗಿದೆ. ಅತ್ತೆ ಹಿಂದೆ ಬಂದು ನಿಂತರು. ನನ್ನ ಕೈಯಿಂದ ಒಂದು ತುಂಡು ತೆಗೆದುಕೊಂಡು, ಸಡಿಲ ಬಿಟ್ಟರೆ ಜಾರುತ್ತದೆ ಎಂದು ಮಡಿಸಿ ತೋರಿಸಿದರು. ಬೈದದ್ದು ಅಷ್ಟೇ. ಬಾಯಿತುಂಬ ಬೈದಿದ್ದರೆ ವಾಸಿಯಾಗಿತ್ತು.

ನನ್ನ ಕಷ್ಟ ಈಗ ನಿಮಗೆ ಗೊತ್ತಾಯಿತು. ಆ ಸದ್ದು ನನ್ನ ಕಿವಿಯಿಂದ ಹೋಗಲೊಲ್ಲದು. ಹಾಡಿಲ್ಲದ, ತಟ್ಟಲು ಏನೂ ಇಲ್ಲದ ಮನೆಯಲ್ಲಿ ಬದುಕೆಲ್ಲ ಕಳೆಯುವುದು ನನ್ನಿಂದಾಗದು. ಹಾಗೆಂದು ಆ ತಾಯಿಯ ಮುಂದೆ ಒಂದು ಲೋಟ ತಟ್ಟುವುದೂ ಆಗದು. ಹಗಲು ಹೊತ್ತು ರಾತ್ರಿಪಾಳಿ ಮುಗಿಸಿ ಬಂದ ಗಂಡಸರು ಲೈನಿನ ತುಂಬ ಮಲಗಿರುತ್ತಾರೆ, ಆ ತಾಪತ್ರಯ ಬೇರೆ. ಕೊನೆಗೆ, ಯಾರನ್ನೂ ಎಬ್ಬಿಸದ, ಯಾರನ್ನೂ ಹೆದರಿಸದ ಸದ್ದುಗಳು ಯಾವುವು ಎಂದು ಹುಡುಕಲು ಕೂತೆ.

ಹುಡುಕಿದರೆ ಸಿಗುತ್ತವೆ, ನೀವೂ ನೋಡಿ. ಮೊರದಲ್ಲಿ ಹಿಡಿ ರಾಗಿ ಹಾಕಿ ಓರೆ ಮಾಡಿದರೆ ಮಳೆ ದೂರದಿಂದ ಬರುತ್ತದೆ. ಮೊರ ಕುಲುಕಿದರೆ ಬಂದೇಬಿಡುತ್ತದೆ. ಒಣಗಿದ ಸೋರೆಬುರುಡೆಯ ಬೀಜ ಒಂದು ಬಗೆ, ಬೆಂಕಿಪೆಟ್ಟಿಗೆಯೊಳಗಿನ ಹುರುಳಿ ಇನ್ನೊಂದು ಬಗೆ. ಒದ್ದೆ ಕೈಯಿಂದ ಮಡಕೆಯ ಹೊಟ್ಟೆ ಉಜ್ಜಿದರೆ ಅದು ಗೊಣಗುತ್ತದೆ, ಬಾಯಿಗೆ ಅಂಗೈ ಬಡಿದರೆ ಬಿಕ್ಕುತ್ತದೆ. ಕಡ್ಡಿಪೊರಕೆಯನ್ನು ಸಿಮೆಂಟು ನೆಲಕ್ಕೆ ಸವರಿದ್ದು ಒಂದು ತಾಳ, ಮಣ್ಣುನೆಲಕ್ಕೆ ಸವರಿದ್ದು ಬೇರೆ. ಮುದ್ದೆ ತಿರುವುವಾಗ ಕೋಲು ತಿರುಗುವ ಲಯಕ್ಕೆ ಅಮ್ಮನ ಬೀಸುವ ಪದ ಸರಿಯಾಗಿ ಕೂರುತ್ತದೆಂದು ತಿಳಿದ ದಿನ ಖುಷಿಗೆ ಮುದ್ದೆ ತಳಹಿಡಿಸಿದೆ. ನಮ್ಮೆಜಮಾನರು ಊಟಕ್ಕೆ ಕೂತು, "ಹಾಡು ಚೆನ್ನಾಗಿತ್ತು, ಮುದ್ದೆ ಸೀದೈತೆ" ಎಂದರು. ಅಷ್ಟು ಮೆಲ್ಲಗೆ ಗುನುಗಿದ್ದೂ ಅವರ ಕಿವಿಗೆ ಬಿದ್ದಿತ್ತು.

ರಾಬರ್ಟ್‌ಸನ್‌ಪೇಟೆಗೆ ಹೋದರೆ ಪಾತ್ರೆ ಅಂಗಡಿಯ ಮುಂದೆ ನನ್ನ ಕಾಲು ತಾನಾಗಿ ನಿಲ್ಲುತ್ತಿತ್ತು. ಮನೆಯಲ್ಲಿ ಆಗದ್ದನ್ನು ಅಲ್ಲಿ ತೀರಿಸಿಕೊಳ್ಳುತ್ತಿದ್ದೆ. ಒಂದು ಲೋಟ ಕೊಳ್ಳುವುದಕ್ಕೆ ಸಾಲಿನಲ್ಲಿದ್ದ ಅಷ್ಟನ್ನೂ ತಟ್ಟಿದರೆ ಅಂಗಡಿಯವನಾದರೂ ಏನು ಮಾಡಬೇಕು? "ಯಾಕಮ್ಮ, ಪಾತ್ರೆ ತಗೊಳ್ಳಕ್ಕೆ ಬಂದ್ಯಾ, ಕಚೇರಿ ಮಾಡಕ್ಕೆ ಬಂದ್ಯಾ?" ಎಂದು ಕೇಳಿದ. ತೂತಿದೆಯೋ ಏನೋ ನೋಡುತ್ತಿದ್ದೇನೆ ಎಂದು ಗಂಭೀರವಾಗಿ ಹೇಳಿದೆ. ಮುಂದಿನ ಸಲ ನಾನು ಹೋದಾಗ, ಇನ್ನೊಬ್ಬ ಹೆಂಗಸೂ ಪಾತ್ರೆ ತಟ್ಟಿ ಕೇಳುತ್ತಿದ್ದಳು. ತೂತು ಪತ್ತೆ ಮಾಡುವ ಉಪಾಯವೆಂದು ಅವನೇ ಹೇಳಿಕೊಟ್ಟಿದ್ದನಂತೆ.

ನನ್ನ ಈ ಸದ್ದುಗಳಿಗೆ ಮೊದಲು ಬಲಿಯಾದವಳು ಮುನಿಯಮ್ಮಾಳ್. ಮೊರ ಅವಳ ಕೈಗೆ ಹೋಯಿತು. ಅವಳ ಹಿಂದೆ ಇನ್ನೂ ಕೆಲವರು ಬಂದರು. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ನಮ್ಮ ಬಾಗಿಲ ಮುಂದೆ ಕೂರುವುದು ವಾಡಿಕೆಯಾಯಿತು. ಅಡಚಣೆ ಒಂದೇ: ತಮಿಳಿನವರ ಹಾಡು ನಮಗೆ ಬಾರದು, ನಮ್ಮದು ತೆಲುಗಿನವರಿಗೆ ಬಾರದು. ಯಾರ ಭಾಷೆ ಮೊದಲು ಎಂಬುದೇ ಒಂದು ಪಂಚಾಯಿತಿ. ಆಮೇಲೆ ನೋಡಿದರೆ, ತಂದಾನ ತಾನ ಎನ್ನುವುದಕ್ಕೆ ಮೂರು ಭಾಷೆಯಲ್ಲೂ ಯಾರದೂ ತಕರಾರಿಲ್ಲ. ಬರೀ ತಂದಾನದಲ್ಲೇ ಹಾಡು ಕಟ್ಟಿದೆವು. ಮೊರದ ಮಳೆ, ಬುರುಡೆಯ ಬೀಜ, ಪೊರಕೆಯ ತಾಳ. ಒಬ್ಬಳು ಎತ್ತಿದ್ದನ್ನು ಇನ್ನೊಬ್ಬಳು ತಿರುವುವಳು. ಅದರಲ್ಲಿ ಬಂಗಾರಪೇಟೆಯ ರೈಲೂ ಇತ್ತು, ನಲ್ಲಿಯ ಜಗಳವೂ ಇತ್ತು. ಅತ್ತೆ ಮಾತ್ರ ಒಳಗೆ ಗೋಡೆಗೊರಗಿ ಕೂತಿರುತ್ತಿದ್ದರು. ಬೇಡ ಎನ್ನಲಿಲ್ಲ, ಬರಲೂ ಇಲ್ಲ. ನಾನು ಹಾಡುತ್ತಿದ್ದುದು ಹೊರಗಿನವರ ಜೊತೆ, ಕಿವಿ ಇದ್ದದ್ದು ಒಳಗೆ.

ಹೀಗೇ ವರ್ಷಗಳು ಕಳೆದು ಮಗಳು ಹುಟ್ಟಿದ ಮೇಲೆ, ಒಂದು ಶುಕ್ರವಾರ ತಂದಾನ ಒಳ್ಳೆ ಭರದಲ್ಲಿದ್ದಾಗ ನೆಲ ನಡುಗಿತು. ಹಿಂದಿನದಕ್ಕಿಂತ ಜೋರಾಗಿ. ಮೊರದ ರಾಗಿ ಚೆಲ್ಲಿಹೋಯಿತು. ಒಳಗಿನ ಪಾತ್ರೆಗಳು ಬಟ್ಟೆಯಲ್ಲಿ ಹುದುಗಿ ಸೊಲ್ಲೆತ್ತಲಿಲ್ಲ. ಎಲ್ಲರೂ ಎದ್ದು ಚಕ್ರದ ಕಡೆ ತಿರುಗಿ ನಿಂತೆವು. ನಮ್ಮೆಜಮಾನರು ಆ ಪಾಳಿಯಲ್ಲಿದ್ದರು. ಚಿಕ್ಕವಳಾಗಿದ್ದ ನನ್ನ ಮಗಳು ನನ್ನ ಸೊಂಟದ ಮೇಲಿದ್ದಳು.

ಅಷ್ಟರಲ್ಲಿ ಅತ್ತೆ ಹೊಸ್ತಿಲಿಗೆ ಬಂದರು.

"ಯಾಕ್ ನಿಲ್ಲಿಸ್ಬಿಟ್ರಿ?" ಎಂದರು. ನನ್ನ ಕಡೆ ತಿರುಗಿದರು. "ಅಮ್ಮಣ್ಣಿ, ನಿನ್ನೇ ಕೇಳ್ತಿರೋದು. ಬಾರ್ಸು."

"ಈಗ ಎಂಗತ್ತೆ..." ಎಂದೆ.

"ನಿಮ್ ಮಾವ ತೀರ್ಕೊಂಡ್ ದಿನ ಪಾತ್ರೆ ಸದ್ದು ಮಾಡಿದ್ದಕ್ಕೆ ನಂಗೇನೂ ಆಗ್ಲಿಲ್ಲ ಕಣಮ್ಮ. ಆ ಸದ್ದು ನಿಂತೋಯ್ತು ನೋಡು, ಆಮೇಲೆ ಸುದ್ದಿ ಬರೋಗಂಟ ಒಬ್ರೂ ಉಸ್ರು ಬಿಡ್ಲಿಲ್ಲ. ಸದ್ದೇ ಇಲ್ದಿದ್ರೆ ನಿಲ್ಲೋದೂ ಇರಲ್ಲ ಅಂತ ಬಟ್ಟೆ ಇಟ್ಟೆ. ಆ ಮೌನಾನ ಇನ್ನೊಂದ್ಸಲ ತಡ್ಕೊಳ್ಳಕ್ಕೆ ನನ್ ಕೈಲಿ ಆಗಲ್ಲ."

ಹೇಳಿ ಒಳಗೆ ಹೋದರು. ಹಲಗೆಯ ಮೇಲಿನ ಬಟ್ಟೆಗಳನ್ನು ತಾವೇ ಎಳೆದೆಳೆದು ಹಾಕಿ, ಚೊಂಬುಗಳನ್ನು ಮಡಿಲಲ್ಲಿ ತುಂಬಿಕೊಂಡು ಬಂದು ನಮ್ಮ ನಡುವೆ ಕೂತರು. ದೊಡ್ಡ ಚೊಂಬನ್ನು ಮುದ್ದೆಕೋಲಿನಿಂದ ತಟ್ಟಿದರು. ನಾನು ತಂದಾನ ಎತ್ತಿದೆ. ಅತ್ತೆ ಕಿವಿಗೊಟ್ಟು ಕೇಳಿ, ತಲೆಯಲ್ಲಾಡಿಸಿ, ಬಿಂದಿಗೆಯಿಂದ ಒಂಚೂರು ನೀರು ಹೊಯ್ದು ಮತ್ತೆ ತಟ್ಟಿದರು. ಚೊಂಬಿನ ದನಿ ಇಳಿದು ನನ್ನ ದನಿಗೆ ಬಂದು ಕೂತಿತು. ಇಷ್ಟು ಕಾಲ ಗೋಡೆಗೊರಗಿ ಕೂತವರು ಏನೇನು ಕೇಳಿಸಿಕೊಂಡಿದ್ದರೋ. ಮುನಿಯಮ್ಮಾಳ್ ಅಳುತ್ತಲೇ ಓಡಿಹೋಗಿ ತನ್ನ ಮನೆಯ ತಪ್ಪಲೆ ತಂದಳು. ಮಿಕ್ಕವರೂ ತಂತಮ್ಮ ಮನೆಯದನ್ನು ತಂದರು. ಚಕ್ರದ ಕಡೆ ಮುಖ ಮಾಡಿಕೊಂಡೇ ಬಾರಿಸಿದೆವು. ಹಾಡು ಚೆನ್ನಾಗಿತ್ತೆಂದು ಹೇಳಲಾರೆ. ನಿಲ್ಲಿಸಲಿಲ್ಲ, ಅಷ್ಟೇ.

ಸೈಕಲ್ಲಿನವನು ಬಂದು ಎಲ್ಲರೂ ಕ್ಷೇಮವೆಂದು ಕೂಗಿದ್ದು ಎಷ್ಟೋ ಹೊತ್ತು ನಮಗೆ ಕೇಳಿಸಲೇ ಇಲ್ಲ. ಪಾಳಿಯವರನ್ನು ಬೇಗ ಮೇಲಕ್ಕೆ ಕರೆಸಿದ್ದರು. ನಮ್ಮೆಜಮಾನರು ಬಾಗಿಲಿಗೆ ಬಂದು, ತಲೆಯ ಟೋಪಿ ಕೈಯಲ್ಲಿ ಹಿಡಿದುಕೊಂಡು, ಚೊಂಬು ಬಾರಿಸುತ್ತಿದ್ದ ತಾಯಿಯನ್ನು ನೋಡುತ್ತ ನಿಂತರು. ಅತ್ತೆ ಕೈ ನಿಲ್ಲಿಸದೆ, "ಕೈಕಾಲು ತೊಳ್ಕೊಂಡ್ ಬಾ, ಮುದ್ದೆ ಆಗೈತೆ" ಎಂದರು. ಅವರು ಒಳಗೆ ಹೋದವರು ಮೊದಲು ದೇವರ ಗಂಟೆಯ ನಾಲಿಗೆಯಿಂದ ಚಿಂದಿ ಬಿಚ್ಚಿದರು. ಆಮೇಲೆ ಒಂದು ಬಗೆಯಾಗಿ, ಬಿಟ್ಟು ಬಿಟ್ಟು, ಗಂಟೆ ಹೊಡೆದರು. ಆಳು ಮೇಲೆ ಬರುತ್ತಿದ್ದಾರೆ ಎನ್ನುವ ಲೆಕ್ಕ ಅದು. ನನಗೆ ಅಳು ಬಂದದ್ದು ಆಗ.

ಆ ಬಟ್ಟೆಗಳು ಮತ್ತೆ ಹಲಗೆ ಹತ್ತಲಿಲ್ಲ. ಅತ್ತೆ ಅವನ್ನೆಲ್ಲ ಸೇರಿಸಿ ನನ್ನ ಮಗಳಿಗೆ ಹೊದೆಯಲು ಒಂದು ಬೊಂತೆ ಹೊಲಿದರು. ಆಮೇಲೂ ನೆಲ ನಡುಗುತ್ತಿತ್ತು, ಪಾತ್ರೆ ಮೊಳಗುತ್ತಿತ್ತು, ನಾವು ಆಮೇಲೂ ಹೆದರುತ್ತಿದ್ದೆವು. ಆದರೆ ಹೆದರಿಕೊಂಡೇ ಬಾರಿಸುತ್ತಿದ್ದೆವು. ಸಣ್ಣಪುಟ್ಟ ನಡುಕವಾದರೆ ಅತ್ತೆ ಎಲೆ ಅಡಿಕೆ ಜಗಿಯುತ್ತ, ಗಣಿ ಶ್ರುತಿ ನೋಡ್ಕೊಂತಾ ಐತೆ ಎನ್ನುತ್ತಿದ್ದರು. ಮಗಳು ಅವರ ತೊಡೆಯ ಮೇಲೆ ಕೂತು ಚೊಂಬಿಗೆ ನೀರು ಹೊಯ್ಯುವಳು, ಚೆಲ್ಲುವಳು. ಅವಳಿಗದು ಬರೀ ನೀರಾಟವೆಂದು ನಾನು ಅಂದುಕೊಂಡಿದ್ದೆ.

ಈಗ ಅತ್ತೆಯೂ ಇಲ್ಲ, ನಮ್ಮೆಜಮಾನರೂ ಇಲ್ಲ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ನಾನು ಬಂಗಾರಪೇಟೆಯಲ್ಲಿ ಮಗಳ ಮನೆಯಲ್ಲಿದ್ದೇನೆ, ರೈಲು ಹಳಿಗೆ ಹತ್ತಿರ. ನನ್ನ ಮಗಳು ಅಚ್ಚುಕಟ್ಟಿನವಳು. ರೈಲು ಹೋದಾಗ ಗಲಗಲ ಎನ್ನದಿರಲಿ ಎಂದು ಪಾತ್ರೆಗಳ ನಡುವೆ ನ್ಯೂಸ್‌ಪೇಪರ್ ಮಡಿಸಿಡುತ್ತಾಳೆ. ನಾನೇನೂ ಹೇಳಿರಲಿಲ್ಲ. ಅವರವರ ಮನೆ, ಅವರವರ ಕಿವಿ.

ಇಷ್ಟು ಬರೆದು ಎದ್ದೆ. ಏನು ಹುಚ್ಚು ಹಿಡಿಯಿತೋ, ಅಟ್ಟದಿಂದ ಅತ್ತೆಯ ಚೊಂಬುಗಳನ್ನು ಇಳಿಸಿದೆ. ಪೇಪರುಗಳನ್ನು ತೆಗೆದು, ಸ್ಟೀಲ್ ಪಾತ್ರೆಗಳ ಜೊತೆ ಅವನ್ನೂ ಕಂಠಕ್ಕೆ ಕಂಠ ತಾಗಿಸಿ ಜೋಡಿಸಿದೆ. ದೊಡ್ಡದಕ್ಕೆ ಒಂದು ಲೋಟ ನೀರು ಹೊಯ್ದು, ಸೌಟಿನಿಂದ ಮೆತ್ತಗೆ ತಟ್ಟಿ, ಇನ್ನೇನು ಮಗಳು ಗದರುತ್ತಾಳೆಂದು ಕಾದು ನಿಂತೆ.

ಒಳಕೋಣೆಯಿಂದ ಮಗಳ ದನಿ ಬಂತು: "ಅಮ್ಮ, ಅದಕ್ಕಿನ್ನೊಂಚೂರು ನೀರು ಹುಯ್ಯಿ. ಶ್ರುತಿ ಮೇಲೈತೆ. ಅಜ್ಜಿ ಇದ್ದಿದ್ರೆ ಸುಮ್ನಿರ್ತಿರ್ಲಿಲ್ಲ."

ಹುಯ್ದೆ. ತಟ್ಟಿದೆ. ಈಗ ಹೇಗೆ ಎಂದು ಕೇಳಿದೆ.

"ಈಗ ಸರಿಯಾಯ್ತು" ಎಂದಳು.